ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಹಾಡಿದರೆ ಕೆಲವರಿಗೆ ಕಣ್ಣೀರು, ಕೆಲವರಿಗೆ ಮುಜುಗರ: ಯಾಕೆ?

ಪ್ರಶ್ನೆ: ನನ್ನ ತಂಗಿಗೆ ಮ್ಯೂಸಿಕಲ್ ನಾಟಕ ಅಂದರೆ ಪ್ರಾಣ. ರಂಗಪ್ರದರ್ಶನಗಳ ರೆಕಾರ್ಡಿಂಗ್ ಹಾಕಿಕೊಂಡು ನೋಡಿದ್ದನ್ನೇ ಮತ್ತೆ ಮತ್ತೆ ನೋಡುತ್ತಾಳೆ, ಅಳುತ್ತಾಳೆ. ನನಗೆ ಸಂಗೀತ ಇಷ್ಟ, ನಾಟಕವೂ ಇಷ್ಟ. ಎರಡೂ ಸೇರಿದರೆ ಮಾತ್ರ ಆಗುವುದಿಲ್ಲ. ಚೆನ್ನಾಗಿ ಮಾತಾಡುತ್ತಿದ್ದ ಪಾತ್ರ ಇದ್ದಕ್ಕಿದ್ದಂತೆ ಹಾಡಲು ಶುರು ಮಾಡಿದರೆ ಮುಜುಗರವಾಗಿ ಸೋಫಾದಲ್ಲೇ ಕುಗ್ಗಿ ಹೋಗುತ್ತೇನೆ. ನನ್ನ ರುಚಿಯಲ್ಲೇ ಏನಾದರೂ ಕೊರತೆಯಾ? ಅಥವಾ ಈ ಪ್ರಕಾರದಲ್ಲೇ ಏನೋ ಸುಳ್ಳಿದೆಯಾ?

ಉತ್ತರ: ಕೊರತೆ ಏನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗಾಗುವುದು ಬೇಸರವಲ್ಲ, ಮುಜುಗರ. ಇವೆರಡೂ ಬೇರೆ ಬೇರೆ. ಬೇಸರವಾದವರು ಮೊಬೈಲ್ ತೆಗೆಯುತ್ತಾರೆ, ಇಲ್ಲ ನಿದ್ದೆ ಹೋಗುತ್ತಾರೆ. ಮುಜುಗರ ಆಗಬೇಕಾದರೆ ಎದುರಿಗೆ ನಡೆಯುತ್ತಿರುವುದು ನಿಮ್ಮನ್ನು ಎಲ್ಲೋ ತಟ್ಟಿರಲೇಬೇಕು.

ಹಾಡುವ ನಟರಿಗೆ ತಾಲೀಮು ಕೊಡುವುದು ನನ್ನ ಕೆಲಸ. ಆ ಕೆಲಸದಿಂದ ನನಗೆ ಖಚಿತವಾಗಿರುವ ಮಾತೊಂದಿದೆ. ಮಾತು ನಿಂತು ಹಾಡು ಶುರುವಾಗುವ ನಾಲ್ಕೈದು ಸೆಕೆಂಡು ಇದೆಯಲ್ಲ, ಮ್ಯೂಸಿಕಲ್ ಗೆಲ್ಲುವುದೂ ಸೋಲುವುದೂ ಅಲ್ಲೇ. ನಿಮ್ಮ ತಂಗಿಗೆ ಮೈ ಜುಮ್ಮೆನ್ನುವುದು ಅಲ್ಲೇ, ನೀವು ಕುಗ್ಗಿ ಹೋಗುವುದೂ ಅಲ್ಲೇ. ಇಬ್ಬರೂ ಒಂದೇ ಜಾಗವನ್ನು ಸರಿಯಾಗಿಯೇ ಗುರುತಿಸಿದ್ದೀರಿ.

‘ನಿಜ ಜೀವನದಲ್ಲಿ ಯಾರಾದರೂ ಹೀಗೆ ಹಾಡ್ತಾರಾ?’ ಅನ್ನುವ ಆಕ್ಷೇಪ ಬಹಳ ಹಳೆಯದು. ಮ್ಯೂಸಿಕಲ್ ಹುಟ್ಟುವ ಮೊದಲೇ, ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ ಒಪೆರಾದ ಮೇಲೆ ಇದೇ ದೂರು ಇತ್ತು. 1898ರ ಹೊತ್ತಿಗೆ ಟಾಲ್‌ಸ್ಟಾಯ್ ಒಂದು ಒಪೆರಾದ ತಾಲೀಮನ್ನು ವರ್ಣಿಸುತ್ತಾ, ಜನ ತಮ್ಮ ಭಾವನೆಗಳನ್ನು ಹೀಗೆ ಹಾಡಿಕೊಂಡು ಹೇಳುವುದಿಲ್ಲ ಎಂದು ಸಿಡಿಮಿಡಿಯಿಂದ ಬರೆದರು. ಅಷ್ಟು ದೊಡ್ಡ ಲೇಖಕರು ಹೇಳಿದರೂ ಈ ವಾದ ನನಗೆ ಒಪ್ಪಿಗೆಯಿಲ್ಲ. ನಿಜ ಜೀವನದಲ್ಲಿ ಯಾರೂ ಪದ್ಯದಲ್ಲಿ ಮಾತಾಡುವುದಿಲ್ಲ, ಆದರೂ ಷೇಕ್ಸ್‌ಪಿಯರ್ ನಾಟಕದಲ್ಲಿ ಅದು ನಮಗೆ ಅಡ್ಡಿಯಾಗುವುದಿಲ್ಲ. ಸಿನಿಮಾದಲ್ಲಿ ನಾಯಕ ಒಬ್ಬನೇ ನಡೆದು ಹೋಗುವಾಗ ಎಲ್ಲಿಂದಲೋ ಪಿಟೀಲು ಕೇಳಿಸುತ್ತದೆ. ಅದು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಅಸಹಜವಾದದ್ದನ್ನು ಒಪ್ಪಿಕೊಳ್ಳುವುದು ಪ್ರೇಕ್ಷಕರಿಗೆ ಕಷ್ಟವೇ ಅಲ್ಲ.

ಹಾಗಾದರೆ ಕಷ್ಟ ಯಾವುದು? ನನ್ನ ಪ್ರಕಾರ, ಆಟದ ನಡುವೆಯೇ ನಿಯಮ ಬದಲಾಗುವುದು. ಬ್ಯಾಲೆಯಲ್ಲಿ ಶುರುವಿನಿಂದ ಕೊನೆಯವರೆಗೂ ಕುಣಿತ. ಬಹುಪಾಲು ಒಪೆರಾಗಳಲ್ಲಿ ಪೂರ್ತಿ ಹಾಡು. ಒಂದು ಸಲ ಒಪ್ಪಿಕೊಂಡು ಕೂತರೆ ಮುಗಿಯಿತು. ಮ್ಯೂಸಿಕಲ್ ಹಾಗಲ್ಲ. ಇಲ್ಲಿ ಪಾತ್ರಗಳು ನಿಮ್ಮ ನಮ್ಮ ಹಾಗೆ ಮಾತಾಡುತ್ತವೆ, ಜಗಳ ಆಡುತ್ತವೆ, ಆಮೇಲೆ ಹಾಡುತ್ತವೆ, ಮತ್ತೆ ಮಾತಿಗೆ ಬರುತ್ತವೆ. ಒಂದು ಸಂಜೆಯಲ್ಲಿ ಹದಿನೈದು ಇಪ್ಪತ್ತು ಸಲ ಹೀಗಾಗುತ್ತದೆ. ಪ್ರತಿ ಸಲವೂ ಪ್ರೇಕ್ಷಕರು ಹೊಸದಾಗಿ ಒಪ್ಪಿಗೆ ಕೊಡಬೇಕು. ಒಪೆರಾ ಇಷ್ಟಪಡುವವರಲ್ಲೂ ಮ್ಯೂಸಿಕಲ್ ಆಗದವರು ಇರುವುದು ಇದಕ್ಕೇ.

ಒಳ್ಳೆಯ ರಂಗಕರ್ಮಿಗಳಿಗೆ ಇದು ಚೆನ್ನಾಗಿ ಗೊತ್ತು. ಮಾತಿನಿಂದ ಹಾಡಿಗೆ ದಾಟಿಸುವುದಕ್ಕೆ ಅವರು ಪಡುವ ಶ್ರಮವನ್ನು ನೋಡಿದರೆ ನನಗೆ ಈಗಲೂ ಬೆರಗಾಗುತ್ತದೆ. 1956ರ ‘ಮೈ ಫೇರ್ ಲೇಡಿ’ಯನ್ನೇ ತೆಗೆದುಕೊಳ್ಳಿ. ಹೂ ಮಾರುವ ಎಲೈಜಾಗೆ ಶುದ್ಧ ಉಚ್ಚಾರ ಕಲಿಸಲು ಭಾಷಾ ಪ್ರಾಧ್ಯಾಪಕ ಹಿಗಿನ್ಸ್ ಪಟ್ಟು ಹಿಡಿದಿದ್ದಾನೆ. ಸ್ಪೇನಿನ ಮಳೆಯ ಬಗ್ಗೆ ಒಂದು ವಾಕ್ಯ, ಅದನ್ನೇ ಹೇಳಿ ಹೇಳಿ ಅವಳು ಸುಸ್ತಾಗಿದ್ದಾಳೆ. ರಾತ್ರಿ ಬಹಳ ಹೊತ್ತಾಗಿದೆ. ಕೊನೆಗೊಮ್ಮೆ ಆ ವಾಕ್ಯ ಅವಳ ಬಾಯಲ್ಲಿ ಸರಿಯಾಗಿ ಬರುತ್ತದೆ. ಹಿಗಿನ್ಸ್‌ಗೆ ನಂಬಿಕೆ ಬರುವುದಿಲ್ಲ, ಮತ್ತೆ ಹೇಳಿಸುತ್ತಾನೆ. ಅವಳು ಮತ್ತೆ ಸರಿಯಾಗಿ ಹೇಳುತ್ತಾಳೆ. ಅದೇ ಪದಗಳು ಪದೇ ಪದೇ ಬಂದಾಗ ಅವಕ್ಕೆ ತಾನಾಗಿಯೇ ಒಂದು ಲಯ ಬರುತ್ತದೆ. ಖುಷಿ ಏರಿದ ಹಾಗೆ ಆ ಲಯ ರಾಗವಾಗುತ್ತದೆ, ರಾಗ ಕುಣಿತವಾಗುತ್ತದೆ. ಎಲ್ಲಿ ಮಾತು ಮುಗಿಯಿತು, ಎಲ್ಲಿ ಹಾಡು ಶುರುವಾಯಿತು ಅಂತ ಬೆರಳಿಟ್ಟು ತೋರಿಸುವುದೇ ಕಷ್ಟ. ಇನ್ನೊಂದು ವಿಷಯ: ಮೊದಲ ಪ್ರದರ್ಶನದಲ್ಲಿ ಹಿಗಿನ್ಸ್ ಆಗಿದ್ದ ರೆಕ್ಸ್ ಹ್ಯಾರಿಸನ್ ಹಾಡುಗಾರರಲ್ಲ. ತಮ್ಮ ಹಾಡುಗಳನ್ನು ಅವರು ಬಹುಮಟ್ಟಿಗೆ ತಾಳಕ್ಕೆ ಸರಿಯಾಗಿ ಮಾತಾಡುತ್ತಲೇ ದಾಟಿಸಿದರು. ನಿಮ್ಮಂಥವರಿಗೆ ಹಿಗಿನ್ಸ್ ಹಿಡಿಸುವ ಸಾಧ್ಯತೆ ಜಾಸ್ತಿ.

ಇದಕ್ಕಿಂತಲೂ ನಾಜೂಕಾದ ಉದಾಹರಣೆ 1945ರ ‘ಕ್ಯಾರೊಸೆಲ್’ನಲ್ಲಿದೆ. ಸಂಗೀತ ರಿಚರ್ಡ್ ರಾಜರ್ಸ್, ಮಾತು ಮತ್ತು ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್. ಜೂಲಿ ಮತ್ತು ಬಿಲ್ಲಿ ಒಂದು ಬೆಂಚಿನ ಹತ್ತಿರ ಮಾತಾಡುತ್ತಾರೆ. ಅವರ ಮಾತಿನ ಕೆಳಗೆ ವಾದ್ಯಗಳು ಸಣ್ಣಗೆ ನುಡಿಯುತ್ತಿರುತ್ತವೆ. ರಂಗಭೂಮಿಯವರು ಇದಕ್ಕೆ ಅಂಡರ್‌ಸ್ಕೋರ್ ಅನ್ನುತ್ತಾರೆ. ಒಂದೆರಡು ಸಾಲು ಹಾಡು ಬರುತ್ತದೆ, ಮತ್ತೆ ಮಾತು, ಮತ್ತೆ ಹಾಡು. ಹಾಡಿನಲ್ಲಾದರೂ ಇಬ್ಬರೂ ‘ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಹೇಳುವುದಿಲ್ಲ. ‘ಒಂದು ವೇಳೆ ಪ್ರೀತಿಸಿದ್ದರೆ ಹೀಗಾಗುತ್ತಿತ್ತೇನೋ’ ಅನ್ನುತ್ತಾರೆ, ಅಷ್ಟೇ. ಒಳಗೇನಿದೆ ಎಂದು ರಾಗ ಹೇಳುತ್ತಿದೆ, ಬಾಯಿ ಮಾತ್ರ ಒಪ್ಪುತ್ತಿಲ್ಲ. ಎರಡನೇ ಅಂಕದಲ್ಲಿ, ಸತ್ತ ಮೇಲೆ, ಬಿಲ್ಲಿ ಅದೇ ರಾಗವನ್ನು ಮತ್ತೆ ಹಾಡುತ್ತಾನೆ. ಬದುಕಿದ್ದಾಗ ಆ ಮಾತನ್ನು ಅವಳಿಗೆ ಹೇಳಲೇ ಇಲ್ಲವಲ್ಲ ಅನ್ನುವುದು ಆಗ ನಮಗೆ ಹೊಡೆದ ಹಾಗೆ ತಾಗುತ್ತದೆ. ಯಾವ ಪಾತ್ರವೂ ಅದನ್ನು ವಿವರಿಸಬೇಕಿಲ್ಲ. ರಾಗಕ್ಕೆ ನೆನಪಿದೆ, ನಮಗೂ ನೆನಪಿದೆ.

ಪ್ರದರ್ಶನದ ಮೊದಲ ಹತ್ತು ನಿಮಿಷದ ಬಗ್ಗೆಯೂ ಹೇಳಬೇಕು. ‘ಇಲ್ಲಿ ಹಾಡುವುದು ಸಹಜ, ಇಲ್ಲಿನ ಧಾಟಿ ಹೀಗಿರುತ್ತದೆ’ ಅಂತ ಪ್ರೇಕ್ಷಕರಿಗೆ ತಿಳಿಸಬೇಕಾದದ್ದು ಆಗಲೇ. 1962ರಲ್ಲಿ ‘ಎ ಫನ್ನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಂ’ ನ್ಯೂಯಾರ್ಕಿಗೆ ಬರುವ ಮುಂಚೆ ವಾಷಿಂಗ್ಟನ್ನಿನಲ್ಲಿ ಪರೀಕ್ಷಾ ಪ್ರದರ್ಶನಗಳನ್ನು ಕೊಡುತ್ತಿತ್ತು. ಅದು ಪಕ್ಕಾ ನಗೆನಾಟಕ, ಆದರೆ ಯಾರೂ ನಗುತ್ತಿರಲಿಲ್ಲ. ಸಲಹೆ ಕೊಡಲು ಬಂದ ನಿರ್ದೇಶಕ, ನೃತ್ಯ ಸಂಯೋಜಕ ಜೆರೋಮ್ ರಾಬಿನ್ಸ್‌ಗೆ ತೊಂದರೆ ಇರುವುದು ಶುರುವಿನ ಹಾಡಿನಲ್ಲೇ ಎಂದು ಕಂಡಿತು. ಆ ಹಾಡು ಪ್ರೀತಿ ಪ್ರೇಮದ ಬಗ್ಗೆ ಮೆಲ್ಲಗೆ ಸಾಗುತ್ತಿತ್ತು, ಜನ ಬೇರೆ ಏನನ್ನೋ ಕಾಯುತ್ತಾ ಕೂತುಬಿಡುತ್ತಿದ್ದರು. ನಾಟಕದ ಸಂಗೀತ, ಸಾಹಿತ್ಯ ಎರಡನ್ನೂ ಬರೆದಿದ್ದ ಸ್ಟೀವನ್ ಸಾಂಡ್‌ಹೈಮ್ ಹೊಸ ಹಾಡು ಬರೆದರು. ಇವತ್ತು ಬರೀ ನಗು ಅಂತ ಅದು ಶುರುವಿಗೇ ಸಾರಿಬಿಡುತ್ತಿತ್ತು. ಆಮೇಲೆ ಅದೇ ನಾಟಕ, ಹೆಚ್ಚುಕಡಿಮೆ ಅದೇ ಹಾಸ್ಯ, ನ್ಯೂಯಾರ್ಕಿನಲ್ಲಿ ಭರ್ಜರಿಯಾಗಿ ಗೆದ್ದಿತು. 1964ರ ‘ಫಿಡ್ಲರ್ ಆನ್ ದ ರೂಫ್’ ತಯಾರಾಗುವಾಗಲೂ ರಾಬಿನ್ಸ್ ‘ಈ ನಾಟಕ ಯಾವುದರ ಬಗ್ಗೆ?’ ಅಂತ ಬಿಡದೆ ಕೇಳುತ್ತಿದ್ದರು. ಅದರಿಂದಲೇ ಸಂಪ್ರದಾಯದ ಬಗ್ಗೆ ಇರುವ ಅದರ ಆರಂಭದ ಹಾಡು ಹುಟ್ಟಿತು.

ಇತ್ತೀಚೆಗೆ ಇದಕ್ಕೆ ತದ್ವಿರುದ್ಧವಾದದ್ದು ನಡೆಯುತ್ತಿದೆ. 2023 ಮತ್ತು 2024ರಲ್ಲಿ ಬಂದ ‘ವೊಂಕಾ’, ‘ಮೀನ್ ಗರ್ಲ್ಸ್’ ಥರದ ಸಿನಿಮಾಗಳ ಟ್ರೇಲರ್‌ಗಳು ಅವು ಮ್ಯೂಸಿಕಲ್ ಅನ್ನುವುದನ್ನೇ ಮುಚ್ಚಿಟ್ಟವು. ಹಾಡು ಅಂದರೆ ಜನ ಬರುವುದಿಲ್ಲ ಅನ್ನುವ ಭಯ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಗೊತ್ತಿಲ್ಲದೆ ಬಂದು ಕೂತವರ ಮುಂದೆ ಪಾತ್ರ ಹಾಡಲು ಶುರು ಮಾಡಿದರೆ ಅವರಿಗೆ ಮೋಸ ಹೋದ ಹಾಗೆ ಅನಿಸದೇ ಇರುತ್ತಾ? ಮ್ಯೂಸಿಕಲ್ ಬಗ್ಗೆ ಅಸಮಾಧಾನ ಹುಟ್ಟಿಸುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನು ನಿಮ್ಮ ತಂಗಿಯ ಕಡೆಯಿಂದ ನೋಡೋಣ. ಹಾಡಿನಿಂದ ಆಗುವ ಕೆಲವು ಕೆಲಸ ಮಾತಿನಿಂದ ಆಗುವುದಿಲ್ಲ. ಮನಸ್ಸಿನಲ್ಲಿ ಎರಡು ಸೆಕೆಂಡಿನಲ್ಲಿ ಹಾದು ಹೋಗುವ ಒಂದು ಭಾವವನ್ನು ಹಾಡು ಮೂರು ನಿಮಿಷ ಹಿಡಿದು ನಿಲ್ಲಿಸಿ ತೋರಿಸುತ್ತದೆ. ಒಂದೇ ಹೊತ್ತಿಗೆ ಹಲವರ ಮನಸ್ಸನ್ನು ಕೇಳಿಸುತ್ತದೆ. 1957ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ಹೊಡೆದಾಟಕ್ಕೆ ಮುಂಚೆ ಬರುವ ಹಾಡಿನಲ್ಲಿ ಎರಡು ಎದುರಾಳಿ ಗುಂಪುಗಳು, ಪ್ರೇಮಿಗಳಾದ ಟೋನಿ, ಮರಿಯಾ, ಜೊತೆಗೆ ಅನಿತಾ ಎಲ್ಲರೂ ಅದೇ ರಾತ್ರಿಗಾಗಿ ಕಾಯುತ್ತಿದ್ದಾರೆ. ಗುಂಪುಗಳಿಗೆ ಜಗಳ ಬೇಕು, ಅನಿತಾಗೆ ತನ್ನ ಗೆಳೆಯನ ಸಂಗ ಬೇಕು, ಟೋನಿ ಮರಿಯಾರಿಗೆ ಒಬ್ಬರನ್ನೊಬ್ಬರು ನೋಡಿದರೆ ಸಾಕು. ಮಾತಿನ ನಾಟಕದಲ್ಲಿ ಇಷ್ಟು ಜನ ಒಟ್ಟಿಗೆ ಮಾತಾಡಿದರೆ ಗದ್ದಲ. ಇಲ್ಲಿ ಸಂಗೀತ ಸಂಯೋಜಕ ಲಿಯೊನಾರ್ಡ್ ಬರ್ನ್‌ಸ್ಟೈನ್ ಅವರೆಲ್ಲರ ದನಿಗಳನ್ನು ಒಂದರ ಮೇಲೊಂದು ಹೆಣೆದಿದ್ದಾರೆ, ಮತ್ತು ಎಲ್ಲವೂ ನಮಗೆ ಕೇಳುತ್ತವೆ. ಇವರೆಲ್ಲರ ಆಸೆ ಒಟ್ಟಿಗೆ ಈಡೇರುವುದು ಸಾಧ್ಯವೇ ಇಲ್ಲ ಅನ್ನುವುದು ಕೇಳುತ್ತಿರುವ ನಮಗೆ ಮಾತ್ರ ಗೊತ್ತು, ಹಾಡುತ್ತಿರುವ ಅವರಿಗೆ ಗೊತ್ತಿಲ್ಲ. ಇಡೀ ದುರಂತ ಆ ಕೆಲವು ನಿಮಿಷದಲ್ಲೇ ಇದೆ.

ನೋಡಿದ್ದನ್ನೇ ಯಾಕೆ ಮತ್ತೆ ನೋಡುತ್ತಾಳೆ ಅನ್ನುವುದಕ್ಕೂ ಒಂದು ವಿವರಣೆ ಇದೆ. ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಷ್ಟದ ಸಂಗೀತ ಕೇಳಿ ಮೈ ಜುಮ್ಮೆನ್ನುವಾಗ ಮೆದುಳಿನಲ್ಲಿ ಡೋಪಮಿನ್ ಎಂಬ, ಸುಖದ ಅನುಭವಕ್ಕೆ ಸಂಬಂಧಿಸಿದ ರಾಸಾಯನಿಕ ಬಿಡುಗಡೆ ಆಗುವುದು ಕಂಡಿತು. ಆ ಘಟ್ಟ ಬಂದಾಗ ಮಾತ್ರ ಅಲ್ಲ, ಅದು ಬರುತ್ತದೆ ಅಂತ ಕಾಯುವಾಗಲೂ. ಅಂದರೆ ಮುಂದೇನು ಎಂದು ಗೊತ್ತಿರುವುದರಿಂದ ಸುಖ ಕಡಿಮೆಯಾಗುವುದಿಲ್ಲ, ಕಾಯುವುದರಲ್ಲೇ ಅರ್ಧ ಸುಖ ಇದೆ. ಸಂಗೀತದಿಂದ ಯಾವ ಸುಖವೂ ಸಿಗದ ಆರೋಗ್ಯವಂತ ಜನರೂ ಇದ್ದಾರೆ, 2014ರಲ್ಲಿ ಬಾರ್ಸಿಲೋನಾದ ಸಂಶೋಧಕರು ಅಂಥವರ ಬಗ್ಗೆ ಬರೆದಿದ್ದಾರೆ. ನೀವು ಸಂಗೀತ ಇಷ್ಟ ಅಂದಿದ್ದೀರಿ, ಆದ್ದರಿಂದ ಅದು ನಿಮ್ಮ ಕಥೆ ಅಲ್ಲ.

ಈಗ ನಿಮ್ಮ ಮುಜುಗರ. ಮಾತಿನ ನಾಟಕದಲ್ಲಿ ಒಳ್ಳೆಯ ನಟರು ಭಾವನೆಯನ್ನು ಬಚ್ಚಿಡುತ್ತಾರೆ. ‘ಟೀ ಬೇಕಾ?’ ಅಂತ ಕೇಳಿದಾಗ ಅದರ ಹಿಂದೆ ‘ಬಿಟ್ಟು ಹೋಗಬೇಡ’ ಅನ್ನುವುದು ಇರಬಹುದು, ಅದನ್ನು ನೀವು ಹುಡುಕಿ ತೆಗೆಯುತ್ತೀರಿ. ಆ ಹುಡುಕಾಟವೇ ನಿಮ್ಮ ಸಂತೋಷ. ಮ್ಯೂಸಿಕಲ್‌ನಲ್ಲಿ ಪಾತ್ರ ಮುಂದೆ ಬಂದು, ಪ್ರೇಕ್ಷಕರ ಕಡೆ ಮುಖ ಮಾಡಿ, ‘ನೀನು ಬಿಟ್ಟು ಹೋದರೆ ನಾನು ಉಳಿಯಲ್ಲ’ ಅಂತ ದನಿ ಎತ್ತಿ ಹಾಡುತ್ತದೆ. ಹುಡುಕಲು ಏನೂ ಉಳಿದಿಲ್ಲ. ಜೊತೆಗೆ, ಬೇರೆಯವರ ತೀರಾ ಖಾಸಗಿ ಭಾವನೆ ಅಷ್ಟು ದೊಡ್ಡದಾಗಿ ನಿಮ್ಮ ಮುಂದೆ ಬಂದು ನಿಂತಿದೆ, ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ. ಇದು ನ್ಯಾಯವಾದ ಆಕ್ಷೇಪ. ನಾನು ಇದನ್ನು ತಳ್ಳಿಹಾಕುವುದಿಲ್ಲ. 1985ರಲ್ಲಿ ‘ಲೆ ಮಿಸರಾಬ್ಲ್’ ಲಂಡನ್ನಿನಲ್ಲಿ ಶುರುವಾದಾಗ ವಿಮರ್ಶಕರಲ್ಲಿ ಬಹಳ ಮಂದಿಗೆ ಅದು ಹಿಡಿಸಲಿಲ್ಲ, ಜನ ಮಾತ್ರ ಟಿಕೆಟ್ಟಿಗೆ ಮುಗಿಬಿದ್ದರು. ಒಂದು ಕಡೆಯವರು ದಡ್ಡರು, ಇನ್ನೊಂದು ಕಡೆಯವರು ಕಲ್ಲುಮನಸ್ಸಿನವರು ಅಂತಲ್ಲ. ಉಕ್ಕಿ ಹರಿಯುವ ಭಾವನೆಗೆ ಎಷ್ಟು ಬೇಗ ಮೈಯೊಡ್ಡುತ್ತೇವೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ.

ಆದರೆ ಹಾಡಿದ ಕೂಡಲೇ ಎಲ್ಲ ಬಯಲಾಗುತ್ತದೆ ಅಂತ ತಿಳಿಯಬೇಡಿ. ಸಾಂಡ್‌ಹೈಮ್ ಅವರ ಪಾತ್ರಗಳು ಹಾಡುತ್ತಲೇ ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತವೆ, ಮಾತು ತಪ್ಪಿಸುತ್ತವೆ. 1973ರ ‘ಎ ಲಿಟಲ್ ನೈಟ್ ಮ್ಯೂಸಿಕ್’ನಲ್ಲಿ ಗ್ಲಿನಿಸ್ ಜಾನ್ಸ್ ಅವರಿಗಾಗಿ ಅವರು ಒಂದು ಹಾಡು ಬರೆದರು. ಆ ನಟಿಗೆ ಸ್ವರವನ್ನು ತುಂಬ ಹೊತ್ತು ಎಳೆದು ನಿಲ್ಲಿಸುವುದು ಆಗುತ್ತಿರಲಿಲ್ಲ. ಅದಕ್ಕೇ ಸಾಲುಗಳನ್ನು ಚಿಕ್ಕ ಚಿಕ್ಕದಾಗಿ ಕತ್ತರಿಸಿದರು, ಬಹುಪಾಲು ಪ್ರಶ್ನೆಗಳ ರೂಪದಲ್ಲಿ. ಬೇಡ ಅಂದವನ ಮುಂದೆ ನಿಂತ ಹೆಂಗಸು ತನ್ನ ಮರ್ಯಾದೆ ಉಳಿಸಿಕೊಂಡು ಮಾತಾಡುವುದು ಹಾಗೇ ಅಲ್ವಾ? ಒಂದು ಸಾಲು, ಉಸಿರು, ಇನ್ನೊಂದು ಸಾಲು. ಅದರಲ್ಲಿ ಹೇಳದೆ ಬಿಟ್ಟದ್ದೇ ಜಾಸ್ತಿ. ನೀವು ಹುಡುಕುವ ಆ ಒಳಮಾತು ಅಲ್ಲಿ ಬೇಕಾದಷ್ಟಿದೆ.

ಕೆಲವು ಸಲ ತಪ್ಪು ನಿಜವಾಗಿಯೂ ನಾಟಕದ್ದೇ. ಹಾಡು ಮುಗಿದಾಗ ಕಥೆ ಮೊದಲಿದ್ದ ಜಾಗದಲ್ಲೇ ಇದ್ದರೆ ಆ ಹಾಡು ಅಲ್ಲಿ ಬೇಕಿರಲಿಲ್ಲ. ತಾಲೀಮಿನಲ್ಲಿ ನಾನು ನಟರಿಗೆ ಕೇಳುವ ಮೊದಲ ಪ್ರಶ್ನೆ ಇದೇ: ಹಾಡುವ ಮುಂಚೆ ನಿನಗೆ ಗೊತ್ತಿಲ್ಲದ್ದು ಏನು ಹಾಡಿದ ಮೇಲೆ ಗೊತ್ತಾಯಿತು? ಉತ್ತರ ಇಲ್ಲದಿದ್ದರೆ ಎಷ್ಟು ಒಳ್ಳೆಯ ಕಂಠವಿದ್ದರೂ ಆ ಹಾಡು ಅಂಟಿಸಿದ ಹಾಗೆ ಕಾಣುತ್ತದೆ. ಮೊದಲೇ ಜನಪ್ರಿಯವಾಗಿದ್ದ ಹಾಡುಗಳನ್ನು ಕಥೆಗೆ ಪೋಣಿಸುವ ಪ್ರದರ್ಶನಗಳಲ್ಲಿ ಈ ತೊಂದರೆ ಹೆಚ್ಚು. 1999ರಲ್ಲಿ ಅಬ್ಬಾ ತಂಡದ ಹಾಡುಗಳಿಂದ ಮಾಡಿದ ‘ಮಮ್ಮ ಮಿಯಾ!’ ಆ ಹಾಡುಗಳನ್ನು ಪ್ರೀತಿಸುವವರಿಗೆ ಹಬ್ಬ. ಅವುಗಳ ಜೊತೆ ಬೆಳೆಯದವರಿಗೆ ಆ ಸಾಲು ಈ ಪಾತ್ರದ ಬಾಯಲ್ಲಿ ಯಾಕೆ ಬಂತು ಅನ್ನುವ ಅನುಮಾನ ಉಳಿದುಬಿಡುತ್ತದೆ. ಮೈಕಿನ ತೊಂದರೆಯೂ ಇದೆ. ನಟ ಒಂದು ಮೂಲೆಯಲ್ಲಿ ನಿಂತಿರುತ್ತಾನೆ, ದನಿ ಸ್ಪೀಕರಿನಿಂದ ಬರುತ್ತದೆ, ಸಮೂಹಗಾನದ ಪದಗಳು ಅರ್ಥವೇ ಆಗುವುದಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ಅನುಮಾನ ನನಗಿದೆ. ನೀವು ನೋಡುತ್ತಿರುವುದೆಲ್ಲ ರೆಕಾರ್ಡಿಂಗ್. ರಂಗದ ನಟರು ಕೊನೆಯ ಸಾಲಿನವರಿಗೆ ತಲುಪುವ ಹಾಗೆ ಮುಖ, ಕೈ, ದನಿ ಎಲ್ಲವನ್ನೂ ದೊಡ್ಡದು ಮಾಡಿರುತ್ತಾರೆ. ಕ್ಯಾಮೆರಾ ಆ ಮುಖವನ್ನು ತಂದು ನಿಮ್ಮ ಮೂಗಿನ ಮುಂದೆ ಇಡುತ್ತದೆ. ಅಷ್ಟು ಹತ್ತಿರದಿಂದ ನೋಡಲೆಂದು ಅದನ್ನು ಮಾಡಿಲ್ಲ. ಮೇಲಾಗಿ, ರಂಗಮಂದಿರದಲ್ಲಿ ನಿಮ್ಮ ಜೊತೆ ನೂರಾರು ಜನ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಎದುರಿಗಿರುವ ಗಾಯಕಿ ಆ ಎತ್ತರದ ಸ್ವರವನ್ನು ಮುಟ್ಟುತ್ತಾಳೋ ಇಲ್ಲವೋ ಅನ್ನುವ ಅಳುಕು ಎಲ್ಲರಲ್ಲೂ ಇರುತ್ತದೆ. ಭಾವನೆಯ ಭಾರವನ್ನು ಅಷ್ಟೂ ಜನ ಹಂಚಿಕೊಳ್ಳುತ್ತಾರೆ. ಮನೆಯಲ್ಲಿ ಅದು ನಿಮ್ಮೊಬ್ಬರ ಮೇಲೆ ಬೀಳುತ್ತದೆ. ಒಂದು ಸಲವಾದರೂ ರಂಗಮಂದಿರದಲ್ಲಿ ಕೂತು ನೋಡುವವರೆಗೂ ತೀರ್ಮಾನ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಮತ್ತೆ, ತಂಗಿ ತನಗಿಷ್ಟವಾದ ಹಾಡನ್ನು ಮಾತ್ರ ತೋರಿಸಲು ಬಂದರೆ ತಡೆಯಿರಿ. ಅವಳಿಗೆ ಇಡೀ ಕಥೆ ಗೊತ್ತು, ಆ ಹಾಡಿನ ಹಿಂದಿನ ಎಲ್ಲ ದೃಶ್ಯಗಳೂ ಅವಳ ಮನಸ್ಸಿನಲ್ಲಿವೆ. ನಿಮಗೆ ಸಿಗುವುದು ಬರೀ ಯಾರೋ ಅಳುತ್ತಾ ಹಾಡುವುದು. ಮೊದಲಿನಿಂದ ಹಾಕು ಅನ್ನಿ.

ಯಾವುದರಿಂದ ಶುರು ಮಾಡಬೇಕು? ನಿಮ್ಮ ತೊಂದರೆ ಮಾತಿನಿಂದ ಹಾಡಿಗೆ ದಾಟುವುದರಲ್ಲಿ ಇರುವುದರಿಂದ, ಆ ದಾಟುವಿಕೆ ಇಲ್ಲದ ಅಥವಾ ಅದಕ್ಕೆ ಕಾರಣವಿರುವ ಕೃತಿಗಳನ್ನು ನೋಡಿ. ‘ಕ್ಯಾಬರೆ’ 1966ರ ರಂಗಕೃತಿ. 1972ರಲ್ಲಿ ಬಾಬ್ ಫಾಸಿ ಅದನ್ನು ಸಿನಿಮಾ ಮಾಡಿದಾಗ ಕ್ಲಬ್ಬಿನ ವೇದಿಕೆಯ ಮೇಲೆ ನಡೆಯುವ ಹಾಡುಗಳನ್ನು ಉಳಿಸಿಕೊಂಡು ಹೊರಗಿನವನ್ನು ಹೆಚ್ಚುಕಡಿಮೆ ಎಲ್ಲ ತೆಗೆದುಹಾಕಿದರು. ಅಲ್ಲಿ ಹಾಡುವುದು ಆ ಪಾತ್ರಗಳ ಕಸುಬು, ಹಾಗಾಗಿ ‘ಯಾಕೆ ಹಾಡ್ತಾರೆ’ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ‘ವನ್ಸ್’ ಕೂಡ ಹಾಗೇ, ಅದರ ಮುಖ್ಯ ಪಾತ್ರಗಳು ಹಾಡು ಕಟ್ಟುವವರು. 2012ರಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಗೆ ಬಂದ ಪ್ರದರ್ಶನದಲ್ಲಿ ನಟರೇ ರಂಗದ ಮೇಲೆ ವಾದ್ಯ ನುಡಿಸುತ್ತಾರೆ. ಭಾವನೆಯ ಪ್ರವಾಹವೇ ನಿಮಗೆ ಕಷ್ಟ ಅನಿಸಿದರೆ 1928ರಲ್ಲಿ ಬರ್ಲಿನ್ನಿನಲ್ಲಿ ನಾಟಕಕಾರ ಬ್ರೆಖ್ಟ್ ಮತ್ತು ಸಂಗೀತ ಸಂಯೋಜಕ ಕರ್ಟ್ ವೈಲ್ ಮಾಡಿದ ‘ಥ್ರೀ ಪೆನಿ ಒಪೆರಾ’ ನೋಡಿ. ಅಲ್ಲಿ ಹಾಡು ಬರುವುದೇ ನೀವು ಕಥೆಯಲ್ಲಿ ಕೊಚ್ಚಿಹೋಗದೆ ನಿಂತು ಯೋಚಿಸಲಿ ಅಂತ. ಆಮೇಲೆ 2015ರ ‘ಹ್ಯಾಮಿಲ್ಟನ್’. ಲಿನ್-ಮ್ಯಾನುಯೆಲ್ ಮಿರಾಂಡಾ ಅದರಲ್ಲಿ ಬಹುಪಾಲು ರ‍್ಯಾಪ್ ಬಳಸಿದ್ದಾರೆ. ಬರೀ ಮಾತು ಅನ್ನುವುದು ಅಲ್ಲಿ ತೀರಾ ಕಡಿಮೆ, ಹಾಡು ಮಾತಿಗೆ ಅಷ್ಟು ಹತ್ತಿರ. ಮೊದಲ ಐದು ನಿಮಿಷ ಒಪ್ಪಿಕೊಂಡರೆ ಮತ್ತೆ ಮತ್ತೆ ಒಪ್ಪಬೇಕಾದ ಕಷ್ಟವಿಲ್ಲ.

‘ಕ್ಯಾಟ್ಸ್’ ಸದ್ಯಕ್ಕೆ ಬೇಡ. 1981ರಲ್ಲಿ ಲಂಡನ್ನಿನಲ್ಲಿ ಶುರುವಾಗಿ, ಬ್ರಾಡ್‌ವೇಯಲ್ಲೇ 7,485 ಪ್ರದರ್ಶನ ಕಂಡ ಕೃತಿ ಅದು. ಅದನ್ನು ಮನಸಾರೆ ಪ್ರೀತಿಸುವವರು ಲೆಕ್ಕವಿಲ್ಲದಷ್ಟು ಇದ್ದಾರೆ. ಆದರೆ ಅದರಲ್ಲಿ ಕಥೆ ಅನ್ನುವುದು ತೆಳು ದಾರದಷ್ಟು ಮಾತ್ರ. ಬೆಕ್ಕುಗಳು ಒಂದೊಂದಾಗಿ ಬಂದು ತಮ್ಮ ಪರಿಚಯ ಹಾಡಿ ಹೋಗುತ್ತವೆ. ನಿಮ್ಮಂತೆ ಕಥೆಯ ಕೈ ಹಿಡಿದು ಒಳಗೆ ಬರುವವರಿಗೆ ಅಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಮೇಲೆ ಹೇಳಿದವುಗಳಲ್ಲಿ ಎರಡಾದರೂ ಹಿಡಿಸಿದ ಮೇಲೆ ಅದನ್ನು ನೋಡಿ.